ಕೃತಕ ಆಹಾರ ಬಣ್ಣಗಳು ಮತ್ತು ಮಕ್ಕಳ ಚಂಚಲತೆ: ಈ ನಂಟು ಎಷ್ಟರ ಮಟ್ಟಿಗೆ ನಿಜ?

ಪ್ರಶ್ನೆ (ಆರು ವರ್ಷದ ಮಗುವಿನ ತಾಯಿ)

ನನ್ನ ಮಗ ಒಂದೆಡೆ ಕೂರುವುದಿಲ್ಲ, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಮುನ್ನವೇ ಎದ್ದು ಓಡುತ್ತಾನೆ ಎಂದು ಶಾಲೆಯಿಂದ ಪದೇ ಪದೇ ಹೇಳಿ ಕಳಿಸುತ್ತಿದ್ದಾರೆ. ಬಣ್ಣದ ಮಿಠಾಯಿ ತಿಂದ ಅಥವಾ ಬಣ್ಣದ ಪಾನೀಯ ಕುಡಿದ ದಿನ ಅವನನ್ನು ಹಿಡಿಯುವುದೇ ಕಷ್ಟವೆಂದು ನನಗೆ ಅನ್ನಿಸುತ್ತದೆ. ಮನೆಯ ಹಿರಿಯರು ಅದು ಸಕ್ಕರೆಯ ಪ್ರಭಾವ ಎನ್ನುತ್ತಾರೆ. ನನ್ನ ಪತಿಯ ಪ್ರಕಾರ ಎರಡೂ ನಮ್ಮ ಭ್ರಮೆ. ಕೃತಕ ಬಣ್ಣಗಳಿಗೂ ಮಕ್ಕಳ ನಡವಳಿಕೆಗೂ ಸಂಬಂಧವಿದೆ ಎನ್ನಲು ಗಟ್ಟಿಯಾದ ಆಧಾರವಿದೆಯೇ? ಇದ್ದರೆ ಯಾವ ಬಣ್ಣಗಳು, ಮತ್ತು ನನ್ನ ಮಗನ ಮಟ್ಟಿಗೆ ಅದು ನಿಜವೇ ಎಂದು ಕಂಡುಕೊಳ್ಳುವುದು ಹೇಗೆ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಆಹಾರ ವಿಜ್ಞಾನದ ಅಧ್ಯಾಪಕ)

ನಿಮ್ಮ ಅನುಮಾನಕ್ಕೆ ಆಧಾರವಿದೆ, ಆದರೆ ಆ ಆಧಾರ ಹೇಳುವುದು ಸುದ್ದಿಗಳಲ್ಲಿ ಕೇಳಿಬರುವುದಕ್ಕಿಂತ ಬಹಳ ಸೂಕ್ಷ್ಮವಾದದ್ದು. 1970ರ ದಶಕದಲ್ಲಿ ಅಮೆರಿಕದ ಅಲರ್ಜಿ ತಜ್ಞ ಬೆಂಜಮಿನ್ ಫೈನ್‌ಗೋಲ್ಡ್ ಅವರು, ಕೃತಕ ಬಣ್ಣ ಮತ್ತು ರುಚಿಕಾರಕಗಳನ್ನು ಆಹಾರದಿಂದ ತೆಗೆದುಹಾಕಿದರೆ ಅತಿಚಟುವಟಿಕೆಯ ಮಕ್ಕಳಲ್ಲಿ ಬಹಳಷ್ಟು ಮಂದಿ ಸುಧಾರಿಸುತ್ತಾರೆ ಎಂದು ವಾದಿಸಿದರು. ಅವರ ಅಂದಾಜು ಉತ್ಪ್ರೇಕ್ಷೆಯಾಗಿತ್ತೆಂದು ನಂತರದ ಪ್ರಯೋಗಗಳಿಂದ ಗೊತ್ತಾಯಿತು. ಆದರೂ ಅವರ ಮೂಲ ಊಹೆ ಪೂರ್ತಿ ಸುಳ್ಳಾಗಲಿಲ್ಲ.

ಇಂದು ಎಲ್ಲರೂ ಉಲ್ಲೇಖಿಸುವುದು ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ 2007ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅದರಲ್ಲಿ ಮೂರು ವರ್ಷದ 153 ಮತ್ತು ಎಂಟು-ಒಂಬತ್ತು ವರ್ಷದ 144 ಮಕ್ಕಳಿದ್ದರು. ಇವರು ಯಾವುದೇ ರೋಗನಿರ್ಣಯದ ಆಧಾರದ ಮೇಲೆ ಆರಿಸಿದ ಮಕ್ಕಳಲ್ಲ, ಸಾಮಾನ್ಯ ಮಕ್ಕಳು ಎಂಬುದನ್ನು ಗಮನಿಸಬೇಕು. ನೋಟದಲ್ಲೂ ರುಚಿಯಲ್ಲೂ ಒಂದೇ ತೆರನಾದ ಹಣ್ಣಿನ ರಸವನ್ನು ಕೆಲವು ವಾರ ಬಣ್ಣ ಬೆರೆಸಿ, ಕೆಲವು ವಾರ ಬೆರೆಸದೆ ಕೊಡಲಾಯಿತು. ಯಾವ ವಾರ ಯಾವುದೆಂದು ಮಗುವಿಗಾಗಲಿ, ಪೋಷಕರಿಗಾಗಲಿ, ನಡವಳಿಕೆಯನ್ನು ಅಳೆಯುವವರಿಗಾಗಲಿ ತಿಳಿದಿರಲಿಲ್ಲ. ಬಣ್ಣವಿದ್ದ ವಾರಗಳಲ್ಲಿ ಚಂಚಲತೆ ಸರಾಸರಿಯಲ್ಲಿ ಸ್ವಲ್ಪ ಹೆಚ್ಚಿತು. ಟಾರ್ಟ್ರಾಜಿನ್ (102), ಕ್ವಿನೋಲಿನ್ ಯೆಲ್ಲೋ (104), ಸನ್‌ಸೆಟ್ ಯೆಲ್ಲೋ (110), ಕಾರ್ಮೋಯ್ಸಿನ್ (122), ಪಾನ್ಸೋ 4ಆರ್ (124), ಅಲ್ಯೂರಾ ರೆಡ್ (129) ಎಂಬ ಆರು ಬಣ್ಣಗಳನ್ನು ಎರಡು ಬೇರೆ ಬೇರೆ ಮಿಶ್ರಣಗಳಾಗಿ ಬಳಸಲಾಗಿತ್ತು. ಪೊಟ್ಟಣದ ಮೇಲೆ ನೀವು ಹುಡುಕಬೇಕಾದದ್ದು ಈ ಸಂಖ್ಯೆಗಳನ್ನೇ.

ಈ ಅಧ್ಯಯನದ ಮಿತಿಗಳೂ ಸಣ್ಣವಲ್ಲ. ಎರಡೂ ಮಿಶ್ರಣಗಳಲ್ಲಿ ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕವೂ ಇದ್ದುದರಿಂದ ದೋಷ ಬಣ್ಣದ್ದೋ ಅದರದ್ದೋ ಎಂದು ಬೇರ್ಪಡಿಸಿ ಹೇಳಲಾಗದು. ಮೂರು ವರ್ಷದವರಲ್ಲಿ ಒಂದು ಮಿಶ್ರಣದ ಪರಿಣಾಮ ಮಾತ್ರ ಸ್ಪಷ್ಟವಾಗಿತ್ತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ಈ ಪುರಾವೆಯನ್ನು ಸೀಮಿತವೆಂದೇ ಕರೆಯಿತು. ಹಾಗಿದ್ದೂ ಯುರೋಪಿಯನ್ ಒಕ್ಕೂಟದಲ್ಲಿ 2010ರ ಜುಲೈನಿಂದ ಈ ಆರು ಬಣ್ಣಗಳಿರುವ ಆಹಾರದ ಮೇಲೆ, ಇವು ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ದುಷ್ಪರಿಣಾಮ ಬೀರಬಹುದು ಎಂಬ ಎಚ್ಚರಿಕೆ ಕಡ್ಡಾಯವಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹಾ ಸಮಿತಿ 2011ರಲ್ಲಿ ಅದೇ ಪುರಾವೆಯನ್ನು ನೋಡಿ, ಅಂಥ ಎಚ್ಚರಿಕೆ ಬೇಡವೆಂದು 8-6 ಮತಗಳಿಂದ ತೀರ್ಮಾನಿಸಿತು. ಹತ್ತು ವರ್ಷಗಳ ಬಳಿಕ ಕ್ಯಾಲಿಫೋರ್ನಿಯಾ ರಾಜ್ಯದ ಪರಿಸರ ಆರೋಗ್ಯ ಕಚೇರಿ ಲಭ್ಯವಿದ್ದ ಪ್ರಯೋಗಗಳನ್ನೆಲ್ಲ ಮರುಪರಿಶೀಲಿಸಿ, ಬಣ್ಣ ಕೊಟ್ಟು ನೋಡಿದ 25 ಪ್ರಯೋಗಗಳ ಪೈಕಿ 16ರಲ್ಲಿ ಏನಾದರೊಂದು ಸಂಬಂಧ ಕಂಡಿತೆಂದು ವರದಿ ಮಾಡಿತು. 2024ರಲ್ಲಿ ಆ ರಾಜ್ಯ ಶಾಲೆಗಳ ಆಹಾರದಲ್ಲಿ ಆರು ಬಣ್ಣಗಳನ್ನು ನಿಷೇಧಿಸುವ ಕಾನೂನು ಮಾಡಿತು. ಅದರ ಪಟ್ಟಿ ಯುರೋಪಿನ ಪಟ್ಟಿಗಿಂತ ಸ್ವಲ್ಪ ಬೇರೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಸರಾಸರಿಯ ಹಿಂದೆ ಅಡಗಿರುವ ವ್ಯತ್ಯಾಸ. ಸರಾಸರಿ ಪರಿಣಾಮ ಚಿಕ್ಕದೆಂದರೆ ಪ್ರತಿಯೊಂದು ಮಗುವಿನಲ್ಲೂ ಚಿಕ್ಕ ಪರಿಣಾಮವಾಯಿತು ಎಂದೇನೂ ಅಲ್ಲ. ಹಲವರಿಗೆ ಏನೂ ಆಗದೆ ಕೆಲವರಿಗೆ ಹೆಚ್ಚು ಆದರೂ ಅದೇ ಸರಾಸರಿ ಬರುತ್ತದೆ. ಅದೇ ಸೌತಾಂಪ್ಟನ್ ತಂಡ 2010ರಲ್ಲಿ, ದೇಹದಲ್ಲಿ ಹಿಸ್ಟಮಿನ್ (ಅಲರ್ಜಿಯಲ್ಲಿ ಪಾತ್ರ ವಹಿಸುವ ಒಂದು ರಾಸಾಯನಿಕ) ಅನ್ನು ವಿಘಟಿಸುವ ಜೀನ್‌ನ ಭೇದಗಳಿಗೆ ಅನುಗುಣವಾಗಿ ಮಕ್ಕಳ ಪ್ರತಿಕ್ರಿಯೆ ಬದಲಾಗುತ್ತದೆ ಎಂದು ತೋರಿಸಿತು. ಆದ್ದರಿಂದ "ಬಣ್ಣದಿಂದ ಮಕ್ಕಳು ಚಂಚಲರಾಗುತ್ತಾರೆಯೇ" ಎಂಬುದಕ್ಕಿಂತ "ಈ ಮಗುವಿಗೆ ಆಗುತ್ತದೆಯೇ" ಎಂಬ ನಿಮ್ಮ ಕೊನೆಯ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ಉತ್ತರ 2 (ಮನೋವಿಜ್ಞಾನದ ವಿದ್ಯಾರ್ಥಿನಿ)

ನಿಮ್ಮ ಪತಿಯ ಮಾತನ್ನು ತಳ್ಳಿಹಾಕಬೇಡಿ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಕ್ಕಳಿಗೆಲ್ಲ ಸಕ್ಕರೆಯಿಲ್ಲದ ಪಾನೀಯವನ್ನೇ ಕೊಟ್ಟು, ಅರ್ಧದಷ್ಟು ತಾಯಂದಿರಿಗೆ ಮಾತ್ರ ಮಗು ಬಹಳ ಸಕ್ಕರೆ ಸೇವಿಸಿದೆ ಎಂದು ಹೇಳಲಾಯಿತು. ಆ ತಾಯಂದಿರು ತಮ್ಮ ಮಕ್ಕಳನ್ನು ಹೆಚ್ಚು ಚಂಚಲರೆಂದು ಗುರುತಿಸಿದರು. ಅಷ್ಟೇ ಅಲ್ಲ, ಅವರು ಮಕ್ಕಳ ಬೆನ್ನಿಗೇ ಇದ್ದು ಹೆಚ್ಚು ಆಕ್ಷೇಪಿಸಿದರು ಕೂಡ. ಸಕ್ಕರೆಯ ಕುರಿತ 23 ನಿಯಂತ್ರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ 1995ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ ಸಕ್ಕರೆಯಿಂದ ನಡವಳಿಕೆ ಕೆಡುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಬಣ್ಣದ ತಿನಿಸು ಮಕ್ಕಳಿಗೆ ಸಿಗುವುದು ಹೆಚ್ಚಾಗಿ ಹುಟ್ಟುಹಬ್ಬ, ಜನಜಂಗುಳಿ, ತಡವಾದ ನಿದ್ರೆಯ ದಿನಗಳಲ್ಲಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಣ್ಣದ ಪರಿಣಾಮ ಸುಳ್ಳೆಂದು ನಾನು ಹೇಳುತ್ತಿಲ್ಲ. ಏನು ತಿಂದನೆಂದು ಗೊತ್ತಿರುವ ಕಣ್ಣು ಅದನ್ನು ಅಳೆಯಲಾರದು ಎನ್ನುತ್ತಿದ್ದೇನೆ.

ಉತ್ತರ 3 (ಮಕ್ಕಳ ವೈದ್ಯೆ)

ಮೇಲಿನ ಇಬ್ಬರ ಮಾತೂ ಸರಿ, ಮತ್ತು ಎರಡನ್ನೂ ಸೇರಿಸಿಯೇ ಪರೀಕ್ಷೆ ಮಾಡಬೇಕು. ಮೊದಲು ಎರಡು-ಮೂರು ವಾರ ಕೃತಕ ಬಣ್ಣಗಳನ್ನು ಪೂರ್ತಿ ನಿಲ್ಲಿಸಿ, ಉಳಿದ ಆಹಾರವನ್ನು ಇದ್ದಂತೆಯೇ ಇರಿಸಿ. ಪ್ರತಿದಿನ ಸಂಜೆ ಚಂಚಲತೆ, ಗಮನ, ಸಿಡುಕು, ನಿದ್ರೆ ಇಷ್ಟಕ್ಕೆ ಮಾತ್ರ ಸೊನ್ನೆಯಿಂದ ಐದರವರೆಗೆ ಅಂಕ ಬರೆದಿಡಿ. ಸಾಧ್ಯವಾದರೆ ಶಿಕ್ಷಕರಿಂದಲೂ ಬರೆಸಿ. ಸುಧಾರಣೆ ಕಂಡರೆ ಅಲ್ಲಿಗೆ ನಿಲ್ಲಿಸದೆ ಎರಡನೆಯ ಹಂತಕ್ಕೆ ಹೋಗಿ: ಮುಚ್ಚಳವಿರುವ, ಒಳಗಿನದು ಕಾಣದ ಲೋಟದಲ್ಲಿ ಕೆಲವು ದಿನ ಅನುಮತಿತ ಆಹಾರ ಬಣ್ಣವನ್ನು ಸ್ವಲ್ಪವೇ ಬೆರೆಸಿದ ಪಾನೀಯ, ಕೆಲವು ದಿನ ಬೆರೆಸದ ಪಾನೀಯ ಕೊಡುವ ಹೊಣೆಯನ್ನು ನಿಮ್ಮ ಪತಿ ವಹಿಸಿಕೊಂಡು, ಯಾವ ದಿನ ಯಾವುದೆಂಬ ಪಟ್ಟಿಯನ್ನು ತಾವೇ ಗುಟ್ಟಾಗಿ ಇಟ್ಟುಕೊಳ್ಳಲಿ. ನಾಲಿಗೆಗೆ ಬಣ್ಣ ಅಂಟಿದರೆ ಗುಟ್ಟು ಒಡೆದುಹೋಗುವುದರಿಂದ ಪ್ರಮಾಣ ಕಡಿಮೆಯಿರಲಿ. ಒಂದೇ ದಿನ ನೋಡಿ ತೀರ್ಮಾನಿಸಬೇಡಿ. ಹಲವು ಸಲ ಮರುಕಳಿಸಿದ ಮೇಲೆಯೇ ಅಂಕಗಳನ್ನೂ ಪಟ್ಟಿಯನ್ನೂ ಒಟ್ಟಿಗೆ ಇಟ್ಟು ನೋಡಿ. ಮಗುವಿಗೆ ಬಣ್ಣದಿಂದ ಪಿತ್ತದ ಗಂಧೆ ಅಥವಾ ಉಬ್ಬಸ ಬಂದಿದ್ದರೆ ಈ ಎರಡನೆಯ ಹಂತವನ್ನು ಮನೆಯಲ್ಲಿ ಮಾಡಲೇಬಾರದು.

ಈ ನಡುವೆ ವೈದ್ಯಕೀಯ ತಪಾಸಣೆಯನ್ನು ಮುಂದೂಡಬೇಡಿ. ನಿದ್ರೆಯ ಕೊರತೆ, ಶ್ರವಣದ ತೊಂದರೆ, ಕಬ್ಬಿಣಾಂಶದ ಕೊರತೆ ಇವೆಲ್ಲ ಹೊರಗೆ ಚಂಚಲತೆಯಂತೆಯೇ ಕಾಣಬಹುದು. ಗಮನ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ ಇರುವ ಮಕ್ಕಳಲ್ಲಿಯೂ ಆಹಾರ ಬಣ್ಣದಿಂದ ಲಕ್ಷಣಗಳು ಹೆಚ್ಚುವವರು ಸುಮಾರು ಶೇ. 8 ಇರಬಹುದೆಂದು 2012ರ ವಿಶ್ಲೇಷಣೆಯೊಂದು ಅಂದಾಜಿಸಿದೆ. ಅಂದರೆ ಬಹುಪಾಲು ಮಕ್ಕಳಿಗೆ ಬಣ್ಣ ಬಿಡಿಸುವುದೇ ಚಿಕಿತ್ಸೆಯಾಗಲಾರದು. ಬಣ್ಣದಲ್ಲಿ ಪೌಷ್ಟಿಕಾಂಶವೇನೂ ಇಲ್ಲದಿರುವುದರಿಂದ ಅದನ್ನು ಬಿಡುವುದರಲ್ಲಿ ನಷ್ಟವಿಲ್ಲ. ಆದರೆ ಅದೇ ಹುರುಪಿನಲ್ಲಿ ಹಾಲು, ಗೋಧಿ, ಹಣ್ಣುಗಳನ್ನೂ ಒಂದೊಂದಾಗಿ ನಿಲ್ಲಿಸುತ್ತ ಹೋದರೆ ಬೆಳೆಯುವ ಮಗುವಿಗೆ ನಿಜವಾದ ಹಾನಿಯಾಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಟ್ಟಿ ಇಟ್ಟುಕೊಳ್ಳಲು ಪತಿ ಒಪ್ಪಿದ್ದಾರೆ. ಇನ್ನೊಂದು ಸಂದೇಹ: ಔಷಧದ ಸಿರಪ್‌ಗಳಲ್ಲಿ ಇರುವ ಬಣ್ಣವೂ ಲೆಕ್ಕಕ್ಕೆ ಬರುತ್ತದೆಯೇ? ಸಸ್ಯಮೂಲದ ಬಣ್ಣಗಳನ್ನು ಕೊಡಬಹುದೇ?

ಉತ್ತರ 3 (ಮಕ್ಕಳ ವೈದ್ಯೆ)

ಖಂಡಿತ ಬರುತ್ತದೆ, ಅಗಿಯುವ ವಿಟಮಿನ್ ಮಾತ್ರೆ, ಟೂತ್‌ಪೇಸ್ಟ್‌ಗಳನ್ನೂ ಓದಿ ನೋಡಿ. ಬಣ್ಣವಿಲ್ಲದ ಪರ್ಯಾಯವನ್ನು ಔಷಧ ಅಂಗಡಿಯಲ್ಲಿ ಕೇಳಬಹುದು, ಆದರೆ ವೈದ್ಯರು ಬರೆದುಕೊಟ್ಟ ಔಷಧವನ್ನು ಬಣ್ಣದ ಕಾರಣಕ್ಕೆ ನಡುವೆ ನಿಲ್ಲಿಸಬೇಡಿ. ಬೀಟ್‌ರೂಟ್, ಅರಿಶಿನದಂಥ ಸಸ್ಯಮೂಲದ ಬಣ್ಣಗಳು ಮೇಲೆ ಹೇಳಿದ ಪ್ರಯೋಗಗಳ ಭಾಗವಾಗಿರಲಿಲ್ಲ. ಒಂದು ಸಸ್ಯದ ಬೀಜದಿಂದ ತೆಗೆಯುವ ಅನಾಟೋ ಮತ್ತು ಕೀಟಮೂಲದ ಕಾರ್ಮೈನ್ ಬಣ್ಣಗಳು ಕೆಲವರಲ್ಲಿ ಅಲರ್ಜಿ ಉಂಟುಮಾಡುತ್ತವೆ. ಪರೀಕ್ಷೆಯ ಆ ಕೆಲವು ವಾರಗಳ ಮಟ್ಟಿಗೆ ಅವುಗಳನ್ನೂ ದೂರವಿಡುವುದು ಒಳ್ಳೆಯದು.