ಹೋಲಿಕೆಯ ಫಂಕ್ಷನ್ ಕೊಟ್ಟು ಸಾರ್ಟ್ ಮಾಡಿದರೂ ಪಟ್ಟಿಯ ಕ್ರಮ ತಪ್ಪುತ್ತಿದೆ: ಅನುಭವವಿದ್ದವರು ತಿಳಿಸಿ

ಗಂಗಾವತಿಯಿಂದ, ಪ್ರಶ್ನೆ:

ನಮಸ್ಕಾರ. ಇಲ್ಲಿನ ಒಂದು ರೈಸ್ ಮಿಲ್ಲಿಗೆ ಭತ್ತದ ಲೋಡುಗಳ ಪಟ್ಟಿ ತೋರಿಸುವ ಪುಟವನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆದಿದ್ದೇನೆ. 75 ಕೆ.ಜಿ. ಚೀಲದ ದರ ಕಡಿಮೆ ಇರುವ ಲೋಡು ಮೊದಲು ಬರಬೇಕು. ದರ ಒಂದೇ ಆಗಿದ್ದರೆ ಗೇಟಿಗೆ ಮೊದಲು ಬಂದ ಲಾರಿ ಮೇಲಿರಬೇಕು. ಪಟ್ಟಿಯನ್ನು ಕ್ರಮಕ್ಕೆ ಜೋಡಿಸುವ ಸಾರ್ಟ್‌ಗೆ, ಎರಡು ಲೋಡುಗಳಲ್ಲಿ ಯಾವುದು ಮೊದಲು ಎಂದು ತಿಳಿಸುವ ಹೋಲಿಕೆಯ ಫಂಕ್ಷನ್ ಕೊಟ್ಟಿದ್ದೇನೆ. ಅದರಲ್ಲಿ, ಮೊದಲನೆಯ ದರ ಎರಡನೆಯದಕ್ಕಿಂತ ಹೆಚ್ಚೇ ಎಂಬುದನ್ನಷ್ಟೇ ರಿಟರ್ನ್ ಮಾಡಿದ್ದೇನೆ. ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ಏಳೆಂಟು ಲೋಡು ಹಾಕಿ ನೋಡಿದಾಗ ಎಲ್ಲವೂ ಸರಿಯಿತ್ತು. ಸುಗ್ಗಿ ಶುರುವಾಗಿ ಪಟ್ಟಿ ಉದ್ದವಾದ ಮೇಲೆ ಅಲ್ಲಲ್ಲಿ ಕ್ರಮ ತಪ್ಪುತ್ತಿದೆ. ಮಾಲೀಕರ ಹೊಸ ಫೋನಿನ ಕ್ರೋಮ್‌ನಲ್ಲಂತೂ ಪಟ್ಟಿ ಇದ್ದಲ್ಲಿಂದ ಕದಲುವುದೇ ಇಲ್ಲ. ಮುಂದೆ ತೇವಾಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.

ರಾಯಚೂರಿನಿಂದ:

ಸರ್, ಆ ಫಂಕ್ಷನ್ ಹೌದು ಅಥವಾ ಇಲ್ಲ ಎಂದು ಹೇಳುವಂತಿಲ್ಲ; ಮೊದಲನೆಯದು ಮುಂದೆ ಬರಬೇಕಾದರೆ ಸೊನ್ನೆಗಿಂತ ಕಡಿಮೆ ಸಂಖ್ಯೆಯನ್ನೂ, ಹಿಂದೆ ಹೋಗಬೇಕಾದರೆ ಹೆಚ್ಚಿನದನ್ನೂ, ಎರಡೂ ಸಮವಾದರೆ ಸೊನ್ನೆಯನ್ನೂ ಕೊಡಬೇಕು. ತಮ್ಮ ಫಂಕ್ಷನ್ನಿನ 'ಹೌದು' 1 ಆಗುತ್ತದೆ, 'ಇಲ್ಲ' 0 ಆಗುತ್ತದೆ, ಋಣ ಸಂಖ್ಯೆ ಎಂದಿಗೂ ಬರುವುದಿಲ್ಲ. ಕ್ರೋಮ್‌ನ ಒಳಗಿರುವ ವಿ8 ಎಂಜಿನ್ (ಜಾವಾಸ್ಕ್ರಿಪ್ಟನ್ನು ಓಡಿಸುವ ಭಾಗ) ಹಿಂದೆ 10 ಅಂಶಗಳವರೆಗೆ ಇನ್ಸರ್ಶನ್ ಸಾರ್ಟ್ ಎಂಬ ಜೋಡಣೆಯ ವಿಧಾನ ಬಳಸುತ್ತಿತ್ತು. ಅದು ಉತ್ತರ ಸೊನ್ನೆಗಿಂತ ಹೆಚ್ಚೇ ಎಂದಷ್ಟೇ ನೋಡುತ್ತಿದ್ದುದರಿಂದ ತಮ್ಮ ಏಳೆಂಟು ಲೋಡುಗಳು ಸರಿಯಾಗಿ ಕುಳಿತವು. ಹತ್ತು ದಾಟಿದ ಕೂಡಲೇ ಕ್ವಿಕ್‌ಸಾರ್ಟ್ ಎಂಬ ಇನ್ನೊಂದು ವಿಧಾನ ಓಡುತ್ತಿತ್ತು, ಅದಕ್ಕೆ ಋಣ ಸಂಖ್ಯೆಯೂ ಬೇಕು. 2018ರಲ್ಲಿ ಬಂದ ಕ್ರೋಮ್ 70ರಿಂದ ಟಿಮ್‌ಸಾರ್ಟ್ ಎಂಬ ವಿಧಾನ ಇದೆ. ಅದು ಉತ್ತರ ಸೊನ್ನೆಗಿಂತ ಕಡಿಮೆಯೇ ಎಂದು ಕೇಳುತ್ತಾ ಹೋಗಿ, ಎಲ್ಲಿಯೂ ಕಡಿಮೆ ಸಿಗದೆ, ಇಡೀ ಪಟ್ಟಿ ಮೊದಲೇ ಕ್ರಮದಲ್ಲಿದೆ ಎಂದು ತಿಳಿದು ಸುಮ್ಮನಾಗುತ್ತದೆ. ಫೋನಿನಲ್ಲಿ ಪಟ್ಟಿ ಕದಲದಿರಲು ಕಾರಣ ಇದೇ. ಮೊದಲನೆಯ ದರದಿಂದ ಎರಡನೆಯದನ್ನು ಕಳೆದು ಅದನ್ನೇ ರಿಟರ್ನ್ ಮಾಡಿದರೆ ಸಾಕು.

ಬಳ್ಳಾರಿಯಿಂದ:

ಮೇಲಿನ ಉತ್ತರ ಸರಿಯಾಗಿದೆ. ಆದರೆ ತೇವಾಂಶದ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಸರ್ಕಾರಿ ಖರೀದಿಯಲ್ಲಿ ಭತ್ತಕ್ಕೆ ಶೇ. 17 ತೇವಾಂಶದ ಮಿತಿ ಇರುವುದರಿಂದ ಎಲ್ಲರ ಕಣ್ಣೂ ಆ ಅಂಕಿಯ ಸುತ್ತಲೇ ಇರುತ್ತದೆ, ಮೀಟರ್ ಸ್ವಲ್ಪ ಹಿಂದೆ ಮುಂದೆ ತೋರಿಸುತ್ತದೆ ಎಂದು 'ಅರ್ಧದೊಳಗಿನ ವ್ಯತ್ಯಾಸವಿದ್ದರೆ ಸಮ' ಎಂದು ಬರೆಯುವ ಆಸೆಯಾಗುತ್ತದೆ. ಹಾಗೆ ಬರೆದರೆ 16.8 ಮತ್ತು 17.2 ಸಮ, 17.2 ಮತ್ತು 17.6 ಸಮ, ಆದರೆ 16.8 ಮತ್ತು 17.6 ಸಮವಲ್ಲ. ಒಂದು ಎರಡಕ್ಕೆ ಸಮ, ಎರಡು ಮೂರಕ್ಕೆ ಸಮ ಎಂದ ಮೇಲೆ ಒಂದು ಮೂರಕ್ಕೂ ಸಮವಾಗಲೇಬೇಕು ಎಂಬ ನಂಬಿಕೆಯ ಮೇಲೆಯೇ ಸಾರ್ಟ್ ಕೆಲವು ಹೋಲಿಕೆಗಳನ್ನು ಬಿಟ್ಟು ಮುಂದೆ ಸಾಗುತ್ತದೆ. ಆ ನಂಬಿಕೆ ಮುರಿದಾಗ ಅವೇ ಲೋಡುಗಳು ಬಂದ ಕ್ರಮಕ್ಕೆ ತಕ್ಕಂತೆ ಬೇರೆ ಬೇರೆ ಪಟ್ಟಿ ಕೊಡುತ್ತವೆ. ನಾನು ಕೆಲಸ ಮಾಡುವ ಜಾವಾ ಎಂಬ ಬೇರೆ ಭಾಷೆಯಲ್ಲಿ 7ನೇ ಆವೃತ್ತಿಯಿಂದ ಈಚೆಗೆ, ಹೋಲಿಕೆಯ ಫಂಕ್ಷನ್ ನಿಯಮ ಮುರಿದಿದೆ ಎಂಬ ಎರರ್ ಕೊಟ್ಟು ಪ್ರೋಗ್ರಾಂ ನಿಲ್ಲುವುದುಂಟು, ಅದೂ ಪ್ರತಿ ಸಲವಲ್ಲ; 32ಕ್ಕಿಂತ ಚಿಕ್ಕ ಪಟ್ಟಿಯಲ್ಲಿ ಆ ಎರರ್ ಬರುವುದೇ ಇಲ್ಲ. ಜಾವಾಸ್ಕ್ರಿಪ್ಟ್ ಇಷ್ಟನ್ನೂ ಹೇಳದೆ ತಪ್ಪು ಪಟ್ಟಿ ಕೊಡುತ್ತದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಅಪಾಯ. ಆದ್ದರಿಂದ ಪ್ರತಿ ಲೋಡನ್ನೂ ಮೊದಲೇ ಒಂದು ಗುಂಪಿಗೆ ಸೇರಿಸಿ (16.5ರಿಂದ 17ರ ಒಳಗೆ, 17ರಿಂದ 17.5ರ ಒಳಗೆ, ಹೀಗೆ), ಗುಂಪಿನ ಸಂಖ್ಯೆಯನ್ನೇ ಹೋಲಿಸುವುದು ಒಳ್ಳೆಯದು.

ಕೊಪ್ಪಳದಿಂದ:

ಸರ್ವರಿನಲ್ಲಿ ಪಿಎಚ್‌ಪಿ ಭಾಷೆಯಲ್ಲಿ ಸಾರ್ಟ್ ಮಾಡುವುದಿದ್ದರೆ ದಶಮಾಂಶಗಳನ್ನು ಹಾಗೆಯೇ ಕಳೆಯಬೇಡಿ. ಅಲ್ಲಿನ ಸಾರ್ಟ್ ಫಂಕ್ಷನ್ ಆದ ಯೂಸಾರ್ಟ್, ಹೋಲಿಕೆಯ ಉತ್ತರವನ್ನು ಪೂರ್ಣಾಂಕಕ್ಕೆ ಇಳಿಸುವುದರಿಂದ 0.4ರ ವ್ಯತ್ಯಾಸ ಸೊನ್ನೆಯಾಗಿ, ಎರಡು ಲೋಡುಗಳು ಸಮವಾಗಿಬಿಡುತ್ತವೆ. ಪಿಎಚ್‌ಪಿ 7ರಿಂದ ಇರುವ ಸ್ಪೇಸ್‌ಶಿಪ್ ಆಪರೇಟರ್ (ಎರಡು ಬೆಲೆಗಳನ್ನು ಹೋಲಿಸಿ -1, 0 ಅಥವಾ 1 ಕೊಡುವ <=> ಚಿಹ್ನೆ) ಬಳಸಬಹುದು.

ಸಿಂಧನೂರಿನಿಂದ:

ದರವನ್ನು ಗುಮಾಸ್ತರು ಹೇಗೆ ಟೈಪ್ ಮಾಡುತ್ತಾರೆ ಎಂಬುದನ್ನೂ ನೋಡಿಕೊಳ್ಳಿ. ಅಲ್ಪವಿರಾಮ ಹಾಕಿ 1,850 ಎಂದು ಬರೆದದ್ದು ಪಠ್ಯವಾಗಿಯೇ ಉಳಿದಿದ್ದರೆ, ಅದರಿಂದ ಏನನ್ನು ಕಳೆದರೂ ಜಾವಾಸ್ಕ್ರಿಪ್ಟಿಗೆ 'ಸಂಖ್ಯೆಯಲ್ಲ' ಎಂಬ ಬೆಲೆ ಸಿಗುತ್ತದೆ, ಸಾರ್ಟ್ ಅದನ್ನು ಸೊನ್ನೆ ಎಂದೇ ಎಣಿಸುತ್ತದೆ. ಅಂಥ ಒಂದು ಲೋಡು ಎಲ್ಲ ಲೋಡುಗಳಿಗೂ ಸಮನಾಗಿ ನಡುವೆ ಕುಳಿತು, ತನ್ನ ಎರಡೂ ಬದಿಯ ಕ್ರಮವನ್ನು ಕೆಡಿಸುತ್ತದೆ.

ಗಂಗಾವತಿಯಿಂದ:

ಎಲ್ಲರಿಗೂ ಧನ್ಯವಾದಗಳು. ಕಳೆಯುವ ಕ್ರಮಕ್ಕೆ ಬದಲಿಸಿದ ಮೇಲೆ ಫೋನಿನಲ್ಲಿ ಪಟ್ಟಿ ಸರಿಯಾಗಿದೆ. ದರದಲ್ಲಿದ್ದ ಅಲ್ಪವಿರಾಮಗಳನ್ನು ತೆಗೆದು ಸಂಖ್ಯೆಯಾಗಿಸಿದ್ದೇನೆ. ಆದರೆ ಹಳೆಯ ಕಂಪ್ಯೂಟರಿನಲ್ಲಿ ದರ ಒಂದೇ ಇರುವ ಲಾರಿಗಳು ಈಗಲೂ ಹಿಂದೆ ಮುಂದೆ ಆಗುತ್ತಿವೆ.

ರಾಯಚೂರಿನಿಂದ:

ಸಮವಾದವುಗಳು ಬಂದ ಕ್ರಮದಲ್ಲೇ ಉಳಿಯಬೇಕು ಎಂಬ ನಿಯಮ ಜಾವಾಸ್ಕ್ರಿಪ್ಟಿನ 2019ರ ಆವೃತ್ತಿಯಲ್ಲಿ ಸೇರಿದ್ದು, ಆ ಹಳೆಯ ಬ್ರೌಸರಿನಿಂದ ಅದನ್ನು ನಿರೀಕ್ಷಿಸುವಂತಿಲ್ಲ. ದರಗಳ ವ್ಯತ್ಯಾಸ ಸೊನ್ನೆಯಾದಾಗ ಗೇಟ್ ಪಾಸಿನ ಕ್ರಮಸಂಖ್ಯೆಗಳನ್ನು ಕಳೆದು ರಿಟರ್ನ್ ಮಾಡಿ. ಆಗ ಯಾವ ಎರಡು ಲೋಡುಗಳೂ ಸಮವಾಗುವುದಿಲ್ಲ, ಬ್ರೌಸರ್ ಯಾವುದಿದ್ದರೂ ಪಟ್ಟಿ ಒಂದೇ ಬರುತ್ತದೆ.