ದೀಪಕ್ಕೆ ಮುತ್ತುವ ರೆಕ್ಕೆ ಗೆದ್ದಲು: ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕಾ, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ನಿಮ್ಮ ಹೊಸ ಮನೆಯ ದೀಪಕ್ಕೆ ನಿನ್ನೆ ಸಂಜೆ ಹುಳುಗಳು ಮುತ್ತಿದ ವಿಡಿಯೊ ನೋಡಿದೆ. ಔಷಧಿ ಸಿಂಪಡಿಸಿದರೆ ಸಾಕೇ ಎಂದು ಕೇಳಿದ್ದೀರಿ, ಖಂಡಿತ ಸಾಲದು. ಅವು ಏಷ್ಯಾ ಮೂಲದ ಫಾರ್ಮೋಸನ್ ಗೆದ್ದಲುಗಳು. ಎರಡನೆಯ ಮಹಾಯುದ್ಧದ ನಂತರ ಪೆಸಿಫಿಕ್ ಕಡೆಯಿಂದ ಮರಳಿದ ಸೇನಾ ಸರಕಿನ ಮರದೊಳಗೆ ಸೇರಿಕೊಂಡು ಬಂದ ಇವನ್ನು ಆ ನಗರದಲ್ಲಿ ಗುರುತಿಸಿದ್ದು 1966ರಲ್ಲಿ.

ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ, ಅದರಲ್ಲೂ ಮೇ ತಿಂಗಳಲ್ಲಿ, ಗಾಳಿ ನಿಂತು ಸೆಕೆ ಕವಿದ ಸಂಜೆ, ಕತ್ತಲಾಗುತ್ತಿದ್ದಂತೆಯೇ ಬಲಿತ ಗೂಡುಗಳಿಂದ ಇವು ಒಮ್ಮೆಲೇ ಹೊರಬಿದ್ದು ಬೆಳಕಿನತ್ತ ಹಾರುತ್ತವೆ. ಅಲ್ಲಿನ ಮೂಲದ ಗೆದ್ದಲು ಕಪ್ಪಗಿದ್ದು ಹಗಲಿನಲ್ಲಿ ಹಾರುತ್ತದೆ. ನಿಮ್ಮ ವಿಡಿಯೊದಲ್ಲಿರುವುದು ಹಳದಿ ಮಿಶ್ರಿತ ಕಂದು ಬಣ್ಣದವು. ನೆಲಕ್ಕೆ ಬಿದ್ದ ಮೇಲೆ ರೆಕ್ಕೆ ಉದುರಿಸಿ, ಹೆಣ್ಣಿನ ಬೆನ್ನಿಗೇ ಗಂಡು ಅಂಟಿಕೊಂಡಂತೆ ಜೋಡಿಜೋಡಿಯಾಗಿ ಓಡಾಡುವುದನ್ನು ನೀವೇ ಹತ್ತಿರದಿಂದ ನೋಡಬಹುದು. ತೇವವಿರುವ ಮರ ಅಥವಾ ಮಣ್ಣು ಸಿಕ್ಕ ಕೆಲವು ಜೋಡಿಗಳಷ್ಟೇ ಗೂಡು ಕಟ್ಟುತ್ತವೆ, ಉಳಿದವು ಸಾಯುತ್ತವೆ.

ಆದ್ದರಿಂದ ಹೊರಗಿನ ದೀಪಕ್ಕೆ ಬಂದವುಗಳಿಗಿಂತ ಮನೆಯೊಳಗೆ ಕಾಣುವುದರ ಬಗ್ಗೆ ನನಗೆ ಹೆಚ್ಚು ಆತಂಕ. ಕಿಟಕಿ ಮುಚ್ಚಿದ್ದರೂ ಒಳಗಿನ ಹೊಸ್ತಿಲ ಮೇಲೆ ಒಂದೇ ಅಳತೆಯ ರೆಕ್ಕೆಗಳ ರಾಶಿ ಬಿದ್ದಿದ್ದರೆ ಗೂಡು ಗೋಡೆಯಲ್ಲೇ ಇರುವ ಸಾಧ್ಯತೆ ಹೆಚ್ಚು. ಒಂದು ಬಲಿತ ಗೂಡಿನಲ್ಲಿ ಲಕ್ಷಾಂತರ ಹುಳುಗಳಿರುತ್ತವೆ, ಹಾರಿಬಂದವನ್ನು ಕೊಂದರೆ ಅದಕ್ಕೆ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಗೂಡು ನೆಲದಲ್ಲಿರುತ್ತದೆ ನಿಜ, ಆದರೆ ಚಾವಣಿ ಸೋರಿ ಗೋಡೆ ಸದಾ ತೇವವಾಗಿದ್ದರೆ ಅಗಿದ ಮರ, ಮಣ್ಣು, ಎಂಜಲು ಕಲಸಿ ಇವು ಮಹಡಿಯ ಗೋಡೆಯೊಳಗೂ ಗೂಡು ಕಟ್ಟಬಲ್ಲವು. ಹೀಗಾಗಿ ಸೋರಿಕೆಯನ್ನು ಮೊದಲು ನಿಲ್ಲಿಸಿ.

ಹುಳುವಿನ ಹೊಸ ಚರ್ಮ ಬೆಳೆಯದಂತೆ ತಡೆಯುವ ನಿಧಾನ ವಿಷದ ಆಮಿಷವನ್ನು ಮಣ್ಣಿನಲ್ಲಿಟ್ಟರೆ ಕೆಲಸಗಾರ ಗೆದ್ದಲುಗಳು ಅದನ್ನು ತಿಂದು ಗೂಡಿಗೆಲ್ಲ ಹಂಚುತ್ತವೆ. ಸರ್ಕಾರ 1998ರಲ್ಲಿ ನಿಮ್ಮ ನಗರದ ಹಳೆಯ ಭಾಗವಾದ ಫ್ರೆಂಚ್ ಕ್ವಾರ್ಟರ್‌ನಲ್ಲಿ ಒಂದೊಂದೇ ಮನೆಯ ಬದಲು ಇಡೀ ಬಡಾವಣೆಗೆ ಚಿಕಿತ್ಸೆ ಶುರು ಮಾಡಿದ್ದು ಸರಿಯಾದ ದಾರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಪಕ್ಕದ ಮನೆಯ ಗೂಡು ಉಳಿದರೆ ನಿಮ್ಮ ಖರ್ಚು ಅರ್ಧ ವ್ಯರ್ಥ.

ಇವತ್ತು ಸಂಜೆ ಹೊರಗಿನ ದೀಪಗಳನ್ನು ಆರಿಸಿ, ಪರದೆ ಎಳೆಯಿರಿ. ಉದುರಿದ ರೆಕ್ಕೆಗಳನ್ನು ಕವರಿನಲ್ಲಿ ತೆಗೆದಿಟ್ಟು ಪರವಾನಗಿಯುಳ್ಳ ತಪಾಸಣೆಯವರಿಗೆ ತೋರಿಸಿ. ಸಾಮಾನ್ಯ ಗೃಹವಿಮೆ ಗೆದ್ದಲಿನ ಹಾನಿಗೆ ಹಣ ಕೊಡುವುದಿಲ್ಲ. ಮನೆ ಮಾರಿದವರ ಬಳಿ ಗೆದ್ದಲು ನಿಯಂತ್ರಣದ ಒಪ್ಪಂದವೇನಾದರೂ ಇದ್ದರೆ, ಅದರಲ್ಲಿ ಫಾರ್ಮೋಸನ್ ಗೆದ್ದಲಿನ ಹೆಸರಿದೆಯೇ ಎಂದು ಓದಿ ನೋಡಿ.