ಕಿವಿಯೊಳಗಿನ ದುಂಡು ಕಿಟಕಿ: ಇಎನ್‌ಟಿ ಡಾಕ್ಟರಿಗೆ ಕೇಳಿದ್ದು, ಅವರು ಹೇಳಿದ್ದು

ಪ್ರಶ್ನೆ (ರೋಣದ ಕಡೆಯ ತಂದೆಯೊಬ್ಬರು): ನಮಸ್ಕಾರ್ರಿ ಡಾಕ್ಟ್ರ. ನಮ್ಮ ಮಗಳಿಗೆ ಎರಡೂವರಿ ವರ್ಷ. ಹುಟ್ಟಿದಾಗಿಂದ ಎರಡೂ ಕಿವಿ ಕೇಳಂಗಿಲ್ಲ. ಬೆರಾ ಅನ್ನೂ ಕಿವಿ ಟೆಸ್ಟ್, ಸಿಟಿ, ಎಂಆರ್‌ಐ ಎಲ್ಲಾ ಆಗ್ಯಾವು. ಹುಬ್ಬಳ್ಳ್ಯಾಗ ಕಾಕ್ಲಿಯರ್ ಇಂಪ್ಲಾಂಟ್, ಅಂದ್ರ ಕಿವಿಯೊಳಗ ಕೇಳೂ ಮಷೀನು ಕೂಡ್ರಸೂ ಆಪರೇಷನ್, ಮಾಡೂಣು ಅಂದಾರ. "ರೌಂಡ್ ವಿಂಡೋದಿಂದ ವಾಯರ್ ಹಾಕ್ತೇವಿ, ಅದು ಸರಿ ಕಾಣಲಿಲ್ಲಂದ್ರ ಬಾಜೂಕ ತೂತು ಕೊರೀತೇವಿ" ಅಂದ್ರು. ಏನ್ರಿ ಇದು ವಿಂಡೋ? ತೂತು ಕೊರದ್ರ ಮಿದುಳಿಗೆ ಏನರ ಆಗತೈತೇನು? ಅವರವ್ವ ಭಾಳ ಅಂಜ್ಯಾಳ.

ಡಾಕ್ಟರ್: ನಮಸ್ಕಾರ್ರಿ. ಅಂಜಿಕಿ ಮಾತು ಮೊದಲ ಮುಗಸ್ತೀನಿ. ತೂತು ಕೊರಿಯೂದು ಕೇಳಸೂ ಒಳಗಿವಿಯ, ಅಂದ್ರ ಕಾಕ್ಲಿಯಾದ, ಎಲುಬಿನ ಗ್ವಾಡಿಗೆ, ಮಿದುಳಿಗೆ ಅಲ್ಲ. ಕಿಟಕಿಯಿಂದ ಹೋದ್ರೂ, ಬಾಜೂಕ ಕೊರದು ಹೋದ್ರೂ ವಾಯರ್ ಮುಟ್ಟೂದು ಒಂದ ಕೊಳವಿಗೆ.

ಈಗ ಕಿಟಕಿ. ಕಿವಿ ತಮಟಿಯ ಹಿಂದ ಗಾಳಿ ತುಂಬಿದ ಸಣ್ಣ ಖೋಲಿ ಅದ, ಅದು ನಡುಗಿವಿ. ಅದರ ಒಳಗಿನ ಗ್ವಾಡಿ ಆಚೆ ಕಾಕ್ಲಿಯಾ, ಎರಡೂವರಿ ಸುತ್ತಿಗಿಂತ ತುಸು ಹೆಚ್ಚು ಸುರುಳಿ, ಒಳಗ ನೀರಿನಂಥ ದ್ರವ. ಈ ಗ್ವಾಡಿಗೆ ಎರಡು ಕಿಂಡಿ. ಮ್ಯಾಲಿಂದು ಅಂಡಾಕಾರದ್ದು, ಅದರಾಗ ಸ್ಟೇಪಿಸ್ ಅನ್ನೂ ಸಣ್ಣ ಎಲುಬು ಕುಂತಿರ್ತದ. ಸಪ್ಪಳ ಬಂದಾಗ ಅದು ಒಳಗ ಒತ್ತತದ. ಆದ್ರ ದ್ರವ ಕುಗ್ಗೂದಿಲ್ಲ, ಸುತ್ತಲೂ ಇರೂದು ಕಲ್ಲಿನಂಥ ಎಲುಬು. ಹಾಲಿನ ಪಾಕೀಟು ಒಂದು ಮೂಲ್ಯಾಗ ಒತ್ತಿದ್ರ ಇನ್ನೊಂದು ಮೂಲಿ ಉಬ್ಬತದಲ್ಲ, ಹಂಗ ಉಬ್ಬಲಿಕ್ಕೆ ಬಿಟ್ಟ ಜಾಗಾನ ಕೆಳಗಿನ ದುಂಡು ಕಿಟಕಿ. ಅಲ್ಲಿ ಎಲುಬಿಲ್ಲ, ತೆಳು ಪೊರಿ ಅಷ್ಟ. ದಪ್ಪ ಸುಮಾರು 0.07 ಮಿಲಿಮೀಟರ್, ಅಷ್ಟರಾಗ ಮೂರು ಪದರು. ಸ್ಟೇಪಿಸ್ ಒಳಗ ಹೋದಾಗ ಇದು ಹೊರಗ ಬರ್ತದ. ಇಟಲಿಯ ಸ್ಕಾರ್ಪಾ 1772ರಾಗ ಇದರ ಮ್ಯಾಲೆ ಪುಸ್ತಕಾನ ಬರದು, ಇದಕ್ಕ ಎರಡನೇ ತಮಟಿ ಅಂದಿದ್ದ.

ಸರ್ಜನ್ನರಿಗೆ ಇದು ಯಾಕ ಬೇಕು? ಕಾಕ್ಲಿಯಾದಾಗ ಮೂರು ಕೊಳವಿ ಅದಾವು. ಇಂಪ್ಲಾಂಟಿನ ಎಲೆಕ್ಟ್ರೋಡ್, ಅಂದ್ರ ನೀವು ಹೇಳಿದ ವಾಯರ್, ಇರಬೇಕಾದದ್ದು ಕೆಳಗಿನ ಕೊಳವಿ ಒಳಗ, ಸ್ಕಾಲಾ ಟಿಂಪನಿ ಅಂತೇವಿ. ದುಂಡು ಕಿಟಕಿ ತೆರಿಯೂದು ನೇರ ಆ ಕೊಳವಿಗೆ. ಪೊರಿ ಸೀಳಿ ಒಳಗ ಬಿಟ್ರ ದಾರಿ ತಪ್ಪೂ ಸಂಭವ ಕಡಿಮಿ. ಬಾಜೂಕ ಕೊರಿಯೂದಿದ್ರ ಕಿಟಕಿಯ ಮುಂದ ಮತ್ತ ಕೆಳಗ ಕೊರೀಬೇಕು. ಜಾಗಾ ತುಸು ಮ್ಯಾಲೆ ಸರದ್ರ ಎಲೆಕ್ಟ್ರೋಡ್ ಮ್ಯಾಲಿನ ಕೊಳವಿಗೆ ಹೋಗಿಬಿಡಬಹುದು, ನಡುವಿನ ನಾಜೂಕ ಪೊರಿ ಹರೀಬಹುದು. ಕೊರಿಯೂ ಸಪ್ಪಳ, ಎಲುಬಿನ ಪುಡಿ ಇವೂ ಒಳಗಿವಿಗೆ ಒಗ್ಗೂದಿಲ್ಲ. ಅದಕ್ಕ ನಾನಂತೂ ಮೊದಲ ಕಿಟಕಿ ಹುಡುಕಾಂವ.

ಕಿಟಕಿ ಹೆಚ್ಚುಕಡಿಮಿ ಎಲ್ಲಾರಿಗೂ ಇರ್ತದ, ಕಾಣಿಸೂದ ತ್ರಾಸು. ಕಿವಿ ಹಿಂದ ಕೊಯ್ದು, ಎಲುಬು ಕೊರದು, ಮುಖದ ನರ ಮತ್ತ ರುಚಿಯ ನರ, ಇವೆರಡರ ನಡುವ ಎರಡು ಮೂರು ಮಿಲಿಮೀಟರ್ ಸಂದಿ ಮಾಡಿ ಅಲ್ಲಿಂದ ನೋಡ್ಬೇಕು. ತಮಟಿಗೆ ಕೈ ಹಚ್ಚೂದಿಲ್ಲ. ಕಿಟಕಿ ನಮ್ಮ ಕಡೆ ಮುಖ ಮಾಡಿರೂದಿಲ್ಲ. ಗೂಡಿನೊಳಗ, ಹಿಂದಕ್ಕ ಕೆಳಗ ತಿರುಗಿರ್ತದ, ಮ್ಯಾಲೆ ಎಲುಬಿನ ಚಾಚು. ಭಾಳ ಮಂದಿಗೆ ಗೂಡಿನ ಬಾಯಿಗೆ ಇನ್ನೊಂದು ಸುಳ್ಳು ಪೊರಿ ಇರ್ತದ. ಹೊಸಬರು ಅದನ್ನ ಖರೇ ಪೊರಿ ಅಂತ ತಿಳೀತಾರ. ಅದನ್ನ ಸರಿಸಿ, ಚಾಚನ್ನ ಕೊರಿಯೂ ಯಂತ್ರದ ಸಣ್ಣ ವಜ್ರದ ಬರ್‌ನಿಂದ ಸಾವಕಾಶ ತಿಕ್ಕಿ ತಗದ್ರ ಒಳಗ ಖರೇದು ಕಾಣ್ತದ. ಸ್ಟೇಪಿಸ್ ಸಣ್ಣಾಗಿ ಅಲುಗಿಸಿದ್ರ ಖರೇ ಪೊರಿಯೂ ಅಲುಗತದ. ಇಷ್ಟಾದ್ರೂ ಕೆಲವರಿಗೆ ಪೂರ್ತಿ ಕಾಣೂದಿಲ್ಲ. ನಿಮ್ಮ ಡಾಕ್ಟರ್ "ಕಾಣಲಿಲ್ಲಂದ್ರ" ಅಂದದ್ದು ಇದನ್ನ. ಮುಂಚೆ ಹೇಳಿದ್ದು ಛಲೋ ಮಾಡ್ಯಾರ.

ತಂದೆ: ತಿಳೀತ್ರಿ. ಮಗಳು ಬೆಳದಂಗ ಒಳಗಿನ ವಾಯರ್ ಗಿಡ್ಡ ಆಗಂಗಿಲ್ಲೇನ್ರಿ? ಮತ್ತ ಎರಡು ದಾರ್ಯಾಗ ಯಾವುದರಿಂದ ಮಾತು ಛಲೋ ಬರತೈತಿ?

ಡಾಕ್ಟರ್: ಕಾಕ್ಲಿಯಾ ಹುಟ್ಟೂವಾಗ್ಲೇ ದೊಡ್ಡವರ ಅಳತಿಗೆ ಬಂದಿರ್ತದ, ಬೆಳಿಯೂದಿಲ್ಲ. ತಲಿ ಬೆಳೀತದ, ಅದಕ್ಕ ಹೊರಗಿನ ಕಡೆ ವಾಯರ್ ಸಡಿಲ ಬಿಟ್ಟಿರ್ತೇವಿ.

ಮಾತಿನ ವಿಷಯಕ್ಕ ಕಿಟಕಿ ಅಷ್ಟು ದೊಡ್ಡದಲ್ಲ. ಕಿವಿಯ ನರ ಸರಿ ಅದ ಏನು, ಆಪರೇಷನ್ ಎಷ್ಟು ಲಗೂನ ಆತು, ಆಮ್ಯಾಲೆ ಸ್ಪೀಚ್ ಥೆರಪಿಗೆ ತಪ್ಪದ ಕರಕೊಂಡು ಹೋಗ್ತೀರೋ ಇಲ್ಲೋ, ಇವು ದೊಡ್ಡವು. ಮಷೀನು ಹಚ್ಚಿದ ದಿವಸಾನ ಕೂಸು ಮಾತಾಡತದ ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ದಾರಿ ಮಹತ್ವದ್ದಾಗೂದು ಕೂಸಿಗೆ ತುಸು ಕೇಳ್ಸೂ ಶಕ್ತಿ ಉಳಿದಿದ್ರ. ಅಂಥಾಗ ಮೆತ್ತಗಿನ ಎಲೆಕ್ಟ್ರೋಡ್, ಸ್ಟೀರಾಯ್ಡ್, ಭಾಳ ನಿಧಾನದ ಕೈ ಬೇಕು. ನಿಮ್ಮ ಮಗಳಿಗೆ ದಪ್ಪ ದನಿ ಏನರ ಕೇಳ್ತದೇನು ಅಂತ ಆಡಿಯಾಲಜಿಸ್ಟರನ್ನ ಕೇಳ್ರಿ. ಮತ್ತ ನ್ಯುಮೋಕಾಕಸ್ ಲಸಿಕಿ ಆಪರೇಷನ್ನಿಗೆ ಎರಡು ವಾರ ಮೊದಲ ಮುಗೀಲಿ.

ಪ್ರಶ್ನೆ (ಗದಗದಿಂದ ಅಕ್ಕ ಒಬ್ಬರು): ಸರ್, ನನ್ನ ತಮ್ಮನ ಮಗಗ ಮಿದುಳು ಜ್ವರ ಬಂದು ಕಿವಿ ಹೋದ್ವು. ಇಂಪ್ಲಾಂಟಿಗೆ ಭಾಳ ಅವಸರ ಮಾಡ್ಲಿಕತ್ತಾರ. ಆರು ತಿಂಗಳು ನೋಡೂಣೇನ್ರಿ?

ಡಾಕ್ಟರ್: ಬ್ಯಾಡ್ರಿ ಅಕ್ಕಾರ, ಅವಸರ ಮಾಡೂದ ಸರಿ. ಮೆನಿಂಜೈಟಿಸ್ ಆದಮ್ಯಾಲೆ ಕಾಕ್ಲಿಯಾದ ಕೊಳವಿ ಒಳಗ ಎಲುಬು ಕಟ್ಟಲಿಕ್ಕೆ ಹತ್ತತದ, ಕೆಲವರಿಗೆ ವಾರಗಳೊಳಗ. ಅದು ಹೆಚ್ಚಾಗಿ ಸುರು ಆಗೂದು ದುಂಡು ಕಿಟಕಿಯ ಹತ್ತಿರಾನ. ಬಾಗಲಾ ಮುಚ್ಚಿದಮ್ಯಾಲೆ ಎಲೆಕ್ಟ್ರೋಡ್ ಪೂರ್ತಿ ಒಳಗ ಹೋಗೂದಿಲ್ಲ. ಎಂಆರ್‌ಐ ಈ ವಾರಾನ ಮಾಡಿಸ್ರಿ.

ಪ್ರಶ್ನೆ (ಬ್ಯಾಡಗಿಯಿಂದ): ನಮ್ಮ ಕಾಕಾ ಎಪಿಎಂಸಿಯೊಳಗ ಹಮಾಲ. ಮೊನ್ನೆ ಮೆಣಸಿನಕಾಯಿ ಚೀಲ ಎತ್ತೂವಾಗ ಬಲಗಿವ್ಯಾಗ 'ಟಪ್' ಅಂತಂತ. ಅವಾಗಿಂದ ಕೇಳಸೂದು ಕಡಿಮಿ, ಗುಂಯ್ ಅಂತೈತಿ, ಎದ್ದು ನಿಂತ್ರ ತಲಿ ತಿರಗತೈತಿ. ಗುಗ್ಗಿ ಇರಬೇಕಂತ ಎಣ್ಣಿ ಬಿಟ್ಟೇವಿ.

ಡಾಕ್ಟರ್: ಎಣ್ಣಿ ನಿಲ್ಲಸ್ರಿ. ಇದು ಗುಗ್ಗಿ ಇದ್ದಂಗ ಕಾಣೂದಿಲ್ಲ. ಉಸರು ಹಿಡದು ಜೋರು ಮುಕ್ಕಿದಾಗ ತಲಿಯೊಳಗಿನ ಒತ್ತಡ ಏರಿ ದುಂಡು ಕಿಟಕಿಯ ಪೊರಿ ಹರದು, ಒಳಗಿನ ದ್ರವ ನಡುಗಿವಿಗೆ ಸೋರಬಹುದು. ಇದಾ ಅಂತ ಖಾತ್ರಿ ಮಾಡೂ ಟೆಸ್ಟ್ ಒಂದೂ ಇಲ್ಲ, ಸಿಟಿಯೊಳಗೂ ಕಾಣದ ಹೋಗಬಹುದು. ಎಷ್ಟು ಮಂದಿಗೆ ಹಿಂಗ ಆಗ್ತದ ಅನ್ನೂದರ ಬಗ್ಗೆ ನಮ್ಮೊಳಗ ಇನ್ನೂ ಜಗಳ ಅದ. ಆದ್ರ ಒಮ್ಮೆಲೆ ಕಿವಿ ಹೋಗೂದು, ಕಾರಣ ಏನ ಇರ್ಲಿ, ತುರ್ತಿನ ಕೇಸು. ಸ್ಟೀರಾಯ್ಡ್ ಮೊದಲಿನ ಎರಡು ವಾರದೊಳಗ ಕೊಟ್ರ ಉಪಯೋಗ ಹೆಚ್ಚು. ಇವತ್ತ ಇಎನ್‌ಟಿ ಡಾಕ್ಟರಿಗೆ ತೋರಿಸಿ ಆಡಿಯೋಗ್ರಾಂ, ಅಂದ್ರ ಕೇಳಸೂ ಟೆಸ್ಟ್, ಮಾಡಿಸ್ರಿ. ಅಲ್ಲೀತನಕ ಚೀಲ ಎತ್ತೂದು ಬಂದ್, ಸಿಂಬಳ ತಗೀಲಿಕ್ಕೆ ಮೂಗು ಜೋರು ಊದಬಾರದು, ಸೀನು ಬಂದ್ರ ಬಾಯಿ ತೆರದು ಸೀನ್ಲಿ, ಸಂಡಾಸಕ್ಕ ಮುಕ್ಕಬಾರದು, ದಿಂಬು ಎತ್ತರ ಇಟ್ಟು ಮಲಗಲಿ.

ಬ್ಯಾಡಗಿ: ಶುಗರ್ ಐತ್ರಿ ಅವರಿಗೆ.

ಡಾಕ್ಟರ್: ಹಂಗಾರ ಅದನ್ನ ಮೊದಲ ಹೇಳ್ರಿ. ಸ್ಟೀರಾಯ್ಡ್ ಗುಳಿಗಿ ಶುಗರ್ ಏರಸ್ತಾವು. ಅಂಥವರಿಗೆ ತಮಟಿ ದಾಟಿ ನಡುಗಿವಿಗೆ ಸೂಜಿಯಿಂದ ಸ್ಟೀರಾಯ್ಡ್ ಬಿಡ್ತಾರ. ಔಷಧ ದುಂಡು ಕಿಟಕಿಯ ಪೊರಿಯಿಂದ ಒಳಗ ಇಳೀತದ, ಮೈಗೆ ಹೋಗೂದು ಭಾಳ ಕಡಿಮಿ. ತಲಿ ತಿರಗೂದು ನಿಲ್ಲದ, ಕೇಳಸೂದು ಇನ್ನೂ ಕಡಿಮಿ ಆಗ್ಲಿಕತ್ರ, ತಮಟಿ ಎತ್ತಿ ನೋಡಿ ಕಿಟಕಿ ಮ್ಯಾಲೆ ಕೊಬ್ಬಿನದೋ ಸ್ನಾಯುವಿನ ಹೊದಿಕಿಯದೋ ಸಣ್ಣ ತ್ಯಾಪಿ ಹಚ್ಚಬೇಕಾಗ್ತದ.

ಪ್ರಶ್ನೆ (ಧಾರವಾಡ): ಔಷಧ ಅಲ್ಲಿಂದ ಒಳಗ ಇಳೀತದಂದ್ರ, ಕಿವಿ ಸೋರೂವಾಗ ಮೆಡಿಕಲ್ ಅಂಗಡ್ಯಾಗ ಕೊಡೂ ಡ್ರಾಪ್ಸೂ ಇಳೀತಾವಲ್ರಿ?

ಡಾಕ್ಟರ್: ತಮಟಿ ಗಟ್ಟಿ ಇದ್ರ ಇಳಿಯೂದಿಲ್ಲ. ತಮಟಿಗೆ ತೂತಿದ್ರ ಇಳೀತಾವು. ಜೆಂಟಾಮೈಸಿನ್, ನಿಯೋಮೈಸಿನ್ ಇರೂ ಡ್ರಾಪ್ಸ್ ಒಳಗಿವಿಗೆ ಹೋದ್ರ ತೋಲ ಮತ್ತ ಕೇಳಸೂ ಶಕ್ತಿ ಎರಡೂ ಕೆಡಬಹುದು. ಭಾಳ ತಲಿ ತಿರಗೂ ಮೆನಿಯರ್ ರೋಗಕ್ಕ ನಾವು ಬೇಕಂತ ಜೆಂಟಾಮೈಸಿನ್ ನಡುಗಿವಿಗೆ ಬಿಡೂದು ಇದ ಕಾರಣಕ್ಕ, ಅಲ್ಲಿ ಆ ಕಿವಿಯ ತೋಲ ಕೆಡಸೂದ ಉದ್ದೇಶ. ಸೋರೂ ಕಿವಿಗೆ ಸಿಪ್ರೊಫ್ಲಾಕ್ಸಾಸಿನ್ ಥರದವು ಒಳಗಿವಿಗೆ ಸುರಕ್ಷಿತ, ಆದ್ರ ತಮಟಿ ನೋಡಿಸಿಕೊಂಡ ಮ್ಯಾಲೇನ ಹಾಕ್ರಿ.